ತೋಳು ಕಂಡರೆ ಗುರುತು ಹಿಡಿಯುವ ಸೂಜಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ, ಗೊರಕೆಗಳ ನಡುವೆ, ಒಂದು ಗಾಲಿಬಂಡಿ ಸದ್ದಿಲ್ಲದೆ ಬರುತ್ತದೆ. ಅದರ ಗಾಲಿಗೆ ಎಣ್ಣೆ ಬಿಡುವುದು ಅದನ್ನು ತಳ್ಳುವವರೇ. ಕಿರುಗುಟ್ಟುವ ಸದ್ದೆಂದರೆ ಅವರಿಗೆ ಹಲ್ಲುನೋವಿದ್ದ ಹಾಗೆ. ಮೊದಲ ಹಾಸಿಗೆಯ ಹೆಂಗಸಿನ ಹೆಸರು ಕೇಳಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಎರಡು ಬೆರಳಲ್ಲಿ ನರ ತಡವುತ್ತಾರೆ.

"ನೋಯುತ್ತಾ?" ಎಂದು ಹೆಂಗಸು ಕೇಳುತ್ತಾರೆ.

"ನೋಯುತ್ತೆ. ಈಗ. ಹಾಂ, ಆಯ್ತು."

ಹೆಂಗಸು ನಗಬೇಕೋ ಮುನಿಯಬೇಕೋ ತಿಳಿಯದೆ ತಲೆಯೆತ್ತುವಷ್ಟರಲ್ಲಿ ಗಾಲಿಬಂಡಿ ಮುಂದಿನ ಹಾಸಿಗೆಯ ಹತ್ತಿರ.

ರೋಗಿಗಳ ಬಾಯಲ್ಲಿ ಇವರು ಸೂಜಿಯಕ್ಕ. ಬೆಳಿಗ್ಗೆ ವಾರ್ಡುಗಳಲ್ಲಿ, ಆಮೇಲೆ ಕೆಳಗಡೆ ಹೊರರೋಗಿಗಳ ಬೆಂಚಿನ ಬಳಿ, ಪರೀಕ್ಷೆಗೆ ರಕ್ತ ತೆಗೆಯುವುದು ಇವರ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ದಿನಕ್ಕೆ ಅರವತ್ತು ಎಪ್ಪತ್ತು ತೋಳು. ಜ್ವರ ಹಬ್ಬಿದಾಗ ನೂರು ದಾಟುವುದೂ ಉಂಟು. ಬೇರೆಯವರು ಚುಚ್ಚಿ ಚುಚ್ಚಿ ಸೋತ ತೋಳುಗಳು, ಸೂಜಿ ಮುಟ್ಟಿದರೆ ಪಕ್ಕಕ್ಕೆ ಜಾರುವ ನರಗಳು, ಕೊನೆಗೆ ಇವರ ಬೆರಳಿಗೇ ಬರುತ್ತವೆ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿನಲ್ಲಿ ಹರಟುವಾಗ ಇವರು ಒಗೆದ ಹೊದಿಕೆಗಳ ಕೋಣೆಯಲ್ಲಿ ದೀಪ ಆರಿಸಿಕೊಂಡು ಊಟ ಮಾಡುತ್ತಾರೆ.

ಇವರಿಗೆ ಆಟಿಸಂ ಇದೆ. ಅದು ಗೊತ್ತಾದದ್ದು ಎರಡು ವರ್ಷದ ಹಿಂದೆ, ನಲವತ್ತು ದಾಟಿದ ಮೇಲೆ. ತಂಗಿಯ ಮಗಳನ್ನು ತಜ್ಞರಿಗೆ ತೋರಿಸಲು ಜೊತೆಗೆ ಹೋಗಿದ್ದರು. "ಡಾಕ್ಟ್ರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳ್ತಾ ಹೋದೆ. ತಂಗಿ ಮೊಣಕೈಯಲ್ಲಿ ತಿವಿದು, 'ಅಕ್ಕಾ, ಅವರು ಕೇಳ್ತಿರೋದು ಮಗು ವಿಷಯ' ಅಂದ್ಲು."

ಒಂದೇ ಕೋಣೆಯಲ್ಲಿ ಬೆಳೆದ ತಂಗಿಗೂ ಅದುವರೆಗೆ ಸುಳಿವಿರಲಿಲ್ಲ. "ನೆಂಟರು ಬಂದ್ರೆ ಸಾಕು, ಇವಳು ಅಡುಗೆಮನೆ ಸೇರ್ಕೊಂಡು ಪಾತ್ರೆ ತಿಕ್ಕೋಳು. ಎಂಥ ಕೆಲಸಗಾತಿ ಅಂತ ಅಮ್ಮ ಹೊಗಳಿದ್ದೇ ಹೊಗಳಿದ್ದು. ತಪ್ಪಿಸ್ಕೊಳ್ತಿದಾಳೆ ಅಂತ ಯಾರಿಗೆ ಗೊತ್ತು?" ಎಂದು ನಗುತ್ತಾರೆ ತಂಗಿ.

ಆಸ್ಪತ್ರೆಯಲ್ಲಿ ಹೇಳಿಕೊಂಡಾಗ ಸಿಕ್ಕಿದ್ದು ಒಂದೇ ಮಾತು: "ನೋಡಿದ್ರೆ ಹಾಗೇನೂ ಅನ್ಸಲ್ವಲ್ಲ!"

"ಮುಖ ನೋಡಿ ಕಂಡುಹಿಡಿಯೋಕೆ ಇದೇನು ಕಾಮಾಲೆನಾ?" ಎನ್ನುತ್ತಾರೆ ಸೂಜಿಯಕ್ಕ.

ಕಾಣದೆ ಇದ್ದದ್ದರಿಂದಲೇ ಈ ವರ್ಷ ಪೇಚಿಗೆ ಸಿಕ್ಕಿಕೊಂಡರು. ನಗುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ ಎಂಬ ಗೊಣಗಾಟ ಮೊದಲಿನಿಂದಲೂ ಇತ್ತು. ವಾರವಾರ ಪರೀಕ್ಷೆಗೆ ರಕ್ತ ಕೊಡಲು ಬರುವ ನಿವೃತ್ತ ಬಸ್ ಚಾಲಕರೊಬ್ಬರು ನೇರವಾಗಿ ದೂರು ಕೊಟ್ಟರು: "ನನ್ನ ರಕ್ತ ಎಲ್ಲಾ ತಗೊಳ್ತಾಳೆ, ತರಕಾರಿ ಅಂಗಡೀಲಿ ಎದುರಿಗೆ ಸಿಕ್ಕಿದ್ರೆ ಕಂಬದ ಹಾಗೆ ನಿಲ್ತಾಳೆ. ಏನ್ ಜಂಭ ರೀ!" ಮೇಲಿನವರು ಇವರನ್ನು ನೆಲಮಾಳಿಗೆಯ ಲ್ಯಾಬಿಗೆ ಹಾಕುವ ಮಾತೆತ್ತಿದರು. ಅಲ್ಲಿಗೆ ಬರುವುದು ರಕ್ತದ ಟ್ಯೂಬುಗಳು ಮಾತ್ರ. "ಒಂದು ತೋಳೂ ಇಲ್ಲದ ಕಡೆ ನಾನೇನ್ ಮಾಡ್ಲಿ?" ಎಂದು ಸೂಜಿಯಕ್ಕ ಆ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲವಂತೆ.

ವಾರ್ಡಿನ ಹಿರಿಯ ನರ್ಸ್‌ಗೆ ಒಂದು ಉಪಾಯ ಹೊಳೆಯಿತು. 'ನನಗೆ ಆಟಿಸಂ ಇದೆ' ಎಂದು ಬರೆದ ಬ್ಯಾಡ್ಜ್ ಮಾಡಿಸಿ ತಾವೇ ಇವರ ಎದೆಗೆ ಚುಚ್ಚಿದರು. ಅಂದಿನಿಂದ ಜನ ಇವರ ಜೊತೆ ಕೂಗಿ ಕೂಗಿ ಮಾತಾಡತೊಡಗಿದರು. "ಕಿವಿ ಚೆನ್ನಾಗೇ ಇತ್ತಲ್ಲ ನಂದು!" ಒಬ್ಬ ಅಜ್ಜಿ ಕೆನ್ನೆ ಸವರಿ, "ಪಾಪ, ಎಷ್ಟು ಲಕ್ಷಣವಾಗಿದೀಯಾ" ಎಂದರು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಬೆಂಚಿನ ಮೇಲಿದ್ದ ಒಬ್ಬಾತ ಬ್ಯಾಡ್ಜ್ ಓದಿ, ಮಡಚಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡು, "ಬೇರೆ ಯಾರೂ ಇಲ್ವಾ?" ಎಂದ.

ಸೂಜಿಯಕ್ಕ ಬ್ಯಾಡ್ಜ್ ತೆಗೆದು ಹತ್ತಿಯ ಡಬ್ಬಿಗೆ ಹಾಕಿದರು. "ಹೇಳ್ದೆ ಇದ್ರೆ ಜಂಭ, ಹೇಳಿದ್ರೆ ಭಯ. ಇನ್ನೆಲ್ಲಿ ನಿಲ್ಲೋದು?"

ಮುಂದಿನ ಸರದಿ ಅದೇ ಚಾಲಕರದ್ದು. ನಡೆದದ್ದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದ್ದರು.

"ಏನಮ್ಮಾ ಅದು, ಬರೆದಿತ್ತಲ್ಲ?"

"ಮುಖ ನೋಡಿದ್ರೆ ನನಗೆ ಕೆಲಸ ಕೆಡುತ್ತೆ. ಅದಕ್ಕೆ ತೋಳು ನೋಡ್ತೀನಿ."

"ಮತ್ತೆ ತರಕಾರಿ ಅಂಗಡೀಲಿ?"

"ಅಲ್ಲಿ ಎಲ್ಲಾರೂ ತುಂಬುತೋಳಿನ ಅಂಗಿ ಹಾಕಿರ್ತಾರೆ."

ಅದಾಗಿ ನಾಲ್ಕೈದು ದಿನಕ್ಕೆ ಆ ಅಂಗಡಿಯಲ್ಲಿ ಯಾರೋ ಸೂಜಿಯಕ್ಕನ ಎದುರು ನಿಂತು ಸರಸರನೆ ಅಂಗಿಯ ತೋಳು ಮಡಚತೊಡಗಿದರು. ಹೊಡೆದಾಟವೇ ಎಂದು ಅಂಗಡಿಯವನು ತಕ್ಕಡಿ ಕೆಳಗಿಟ್ಟ. ಟೊಮೆಟೊ ರಾಶಿಯ ಮೇಲೆ ಚಾಚಿದ ಎಡಗೈಯಲ್ಲಿ, ಮೊಣಕೈ ಪಕ್ಕ, ಎಂದೋ ಎಂಜಿನ್ ಸುಟ್ಟ ಕಲೆ.

"ಅಯ್ಯೋ! ಜಾರೋ ನರ!" ಎಂದರು ಸೂಜಿಯಕ್ಕ, ಮುಖವರಳಿಸಿ.

"ಹೂಂ ತಾಯಿ, ನಾನೇ."

ಚಾಲಕರು ದೂರನ್ನು ಹಿಂತೆಗೆದುಕೊಂಡಿದ್ದಾರೆ. ನೆಲಮಾಳಿಗೆಯ ಮಾತು ಸದ್ಯಕ್ಕೆ ನಿಂತಿದೆ. ಪೂರ್ತಿ ನಿಂತಿದೆಯೇ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬ್ಯಾಡ್ಜ್ ಮಾತ್ರ ಹತ್ತಿಯ ಡಬ್ಬಿಯಿಂದ ಮತ್ತೆ ಎದೆಗೆ ಬಂದಿದೆ. "ನೋಡಿದ ತಕ್ಷಣ ಯಾರಿಗೂ ಗೊತ್ತಾಗೋದು ಬೇಡ. ಹೇಳಿದ ಮೇಲೂ ತೋಳು ಚಾಚಿದ್ರೆ ಸಾಕು ನನಗೆ," ಎನ್ನುತ್ತಾ ಗಾಲಿಬಂಡಿಯನ್ನು ಎರಡನೇ ಹಾಸಿಗೆಗೆ ಒತ್ತಿ ನಿಲ್ಲಿಸುತ್ತಾರೆ.

ಅಲ್ಲಿರುವ ಹುಡುಗಿ ನಿನ್ನೆ ಸಂಜೆಯಷ್ಟೇ ದಾಖಲಾದವಳು. ಬ್ಯಾಡ್ಜ್ ಓದುತ್ತಾಳೆ. ತೋಳು ಹೊದಿಕೆಯೊಳಗೇ ಇದೆ.

"ಅಂದ್ರೆ... ನಿಮಗೆ ಕೈ ನಡುಗುತ್ತಾ?"

"ನಡುಗಲ್ಲ."

ಹುಡುಗಿ ಇನ್ನೂ ಅನುಮಾನಿಸುತ್ತಿರುವಾಗ ಮೊದಲ ಹಾಸಿಗೆಯ ಹೆಂಗಸು, ಹತ್ತಿ ಒತ್ತಿಕೊಂಡೇ, ಇತ್ತ ಹೊರಳುತ್ತಾರೆ.

"ಚಾಚಮ್ಮಾ, ಚಾಚು. ಅವರು ಸುಳ್ಳು ಹೇಳಲ್ಲ."