ಗುಡ್ಡದ ಗೋಡೆಯ ಕಲ್ಲು ತೆಗೆದ ದಿನ

ನಾನು ಚಿಕ್ಕವಳಿದ್ದಾಗ ಹೈದರಾಬಾದು ಇನ್ನೂ ಕೊಂಡಾಪುರದ ತನಕ ಬಂದಿರಲಿಲ್ಲ. ಮಕ್ಕಳೇ, ಈಗ ನೀವು ಶಾಲೆಯ ಬಸ್ಸಿಗೆ ಕಾಯುವ ಜಾಗದಲ್ಲಿ ಪೊದೆಗಳಿದ್ದವು. ಅವುಗಳಾಚೆ ಒಂದರ ಹಿಂದೊಂದು ಕಲ್ಲುಗುಡ್ಡಗಳು. ಆನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಬೇಸಿಗೆಯಲ್ಲಿ ಅವುಗಳ ಕಾವು ಒಲೆಯ ಮುಂದೆ ಕೂತಂತೆ ಮುಖಕ್ಕೆ ಹೊಡೆಯುತ್ತಿತ್ತು.

ಅಪ್ಪ ಕಲಬುರಗಿ ಕಡೆಯಿಂದ ಕೂಲಿಗೆ ಬಂದವನು. ಸರ್ಕಾರದವರು ಒಂದು ಗುಡ್ಡವನ್ನು ಕಾಯ್ದಿಟ್ಟ ಕಾಡು ಎಂದು ಸಾರಿ, ಸುತ್ತಲೂ ಕಲ್ಲು ಪೇರಿಸಿ ಗೋಡೆ ಕಟ್ಟಿಸಿದಾಗ ಅವನಿಗೆ ಅಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಗೋಡೆಯೊಳಗೆ ಬೇವು, ಹುಣಸೆ, ನೆಲ್ಲಿ ಸಸಿಗಳನ್ನು ನೆಟ್ಟಿದ್ದರು. ಅಪ್ಪ ಕೊಡ ಹೊತ್ತು ಗುಡ್ಡ ಹತ್ತಿ ಒಂದೊಂದಕ್ಕೂ ನೀರು ಹಾಕುತ್ತಿದ್ದ. ದನ, ಕುರಿ, ಆಡು ಯಾವುದೂ ಒಳಗೆ ಕಾಲಿಡಬಾರದು ಎಂಬುದು ಕಟ್ಟಪ್ಪಣೆ.

ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಅಪ್ಪ ಗೋಡೆಯ ಹೊರಗಿನ ಗುಡ್ಡಗಳ ಕಡೆ ಕೈ ತೋರಿಸಿದ. "ಅಲ್ಲಿ ಸೀತಾಫಲ ಬಿಟ್ರ ಬ್ಯಾರೆ ಗಿಡ ಕಾಣತಾವೇನು? ಅದರ ಎಲಿ ಆಡು ತಿನ್ನೂದಿಲ್ಲ, ಅದಕ್ಕ ಉಳದೈತಿ. ಉಳದದ್ದೆಲ್ಲಾ ಮೊಳಕಿ ಇದ್ದಾಗನ ಹೋಗೇತಿ," ಎಂದ. ನಾನು ನೋಡಿದೆ. ಅವನು ಹೇಳಿದ್ದು ನಿಜವೇ ಆಗಿತ್ತು.

ಆದರೆ ನಮ್ಮ ಮನೆಯಲ್ಲೇ ಎರಡು ಆಡುಗಳಿದ್ದವು. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು, ಆಡು ಕಾಯುವುದು ನನ್ನ ಪಾಲಿಗೆ ಬಂದಿತ್ತು. ಆ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ಹಾಲು ಸಾಲದೆ ಕೂಸು ಆಡಿನ ಹಾಲಿನಲ್ಲೇ ಬೆಳೆಯುತ್ತಿತ್ತು. ಬಿಸಿಲು ಏರಿದಂತೆ ಹೊರಗಿನ ಹುಲ್ಲೆಲ್ಲ ಸುಟ್ಟುಹೋಯಿತು. ಆಡು ಕೊಡುವ ಹಾಲು ಚೊಂಬಿನ ತಳ ಮುಚ್ಚುವಷ್ಟಕ್ಕೆ ಇಳಿಯಿತು. ಕೂಸು ಅಳುವಾಗ ಅಕ್ಕ ಗುಡಿಸಲಿನ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು.

ಗುಡ್ಡದ ಗೋಡೆಯೊಳಗೆ ಮಾತ್ರ ಮೊಣಕಾಲೆತ್ತರದ ಹುಲ್ಲಿತ್ತು.

ಒಂದು ಬೆಳಿಗ್ಗೆ ಅಪ್ಪ ಗುಡ್ಡದ ಆಚೆ ಬದಿಗೆ ನೀರು ಹೊತ್ತು ಹೋಗಿದ್ದ. ನಾನು ಗೋಡೆಯ ಒಂದು ಸಡಿಲ ಮೂಲೆಯಲ್ಲಿ ಕಲ್ಲುಗಳನ್ನು ಒಂದೊಂದಾಗಿ ತೆಗೆದೆ. ಬೆರಳು ತರಚಿದರೂ ಬಿಡಲಿಲ್ಲ. ನನ್ನ ಎರಡು ಆಡುಗಳು ಒಳಗೆ ಹೋಗಿ ಹುಲ್ಲು ಕೀಳುವ ಸದ್ದು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಹೊಟ್ಟೆ ತುಂಬಿಸಿ ಅವನ್ನು ಮನೆಗೆ ಹೊಡೆದುಕೊಂಡು ಬಂದುಬಿಟ್ಟೆ. ಕಲ್ಲುಗಳನ್ನು ತಿರುಗಿ ಇಡಬೇಕೆಂಬುದೇ ಮರೆತುಹೋಯಿತು.

ನಮ್ಮ ಪಕ್ಕದ ಗುಡಿಸಲಿನಲ್ಲಿ ಒಬ್ಬ ತೆಲುಗು ತಾತ ಇದ್ದರು. ಅವರಿಗೆ ಇಪ್ಪತ್ತು ಆಡುಗಳು. ನಾನು ಬಂದ ಮೇಲೆ ಅವು ಅದೇ ಕಿಂಡಿಯಿಂದ ಒಳಗೆ ನುಗ್ಗಿದವು. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಕೂಗು ಕೇಳಿ ಓಡಿದೆ. ಎರಡು ವರ್ಷ ನೀರು ಕುಡಿದು ನನ್ನೆದೆಯೆತ್ತರ ಬೆಳೆದಿದ್ದ ಬೇವಿನ ಸಸಿಗಳು ಬರೀ ಕಡ್ಡಿಗಳಾಗಿ ನಿಂತಿದ್ದವು. ಕೆಲವಕ್ಕೆ ತೊಗಟೆಯೂ ಉಳಿದಿರಲಿಲ್ಲ. ಕಿತ್ತ ಎಲೆಯ ಕಹಿ ವಾಸನೆ ಬಿಸಿಲಿನಲ್ಲಿ ತೇಲುತ್ತಿತ್ತು.

"ಗ್ವಾಡಿ ಒಡದು ಆಡು ಬಿಟ್ಟೀರೇನು ತಾತಾ?" ಎಂದು ಅಪ್ಪ ಕೇಳಿದ.

ತಾತ ತಮ್ಮ ಅರೆಗನ್ನಡದಲ್ಲಿ ಹೇಳಿದರು: "ನಾನು ಕಲ್ಲು ಮುಟ್ಟಿಲ್ಲ ವಾಚ್‌ಮನ್ ಸಾಬ್. ಈ ಗುಡ್ಡ ಮೇಲೆ ನಮ್ಮ ನಾಯನ, ನಮ್ಮ ಅಪ್ಪ, ಮೇಕೆ ಮೇಯಿಸಿದ, ನಾನೂ ಮೇಯಿಸಿದೆ. ಈಗ ನಿನ್ನ ಗೋಡೆ ಬಂತು. ಮೇಕೆಗೆ ಏನು ತಿನ್ನಿಸಲಿ, ಅದೊಂದು ಹೇಳು."

ಅಪ್ಪ ತಾತನ ಆಡುಗಳನ್ನು ಒಟ್ಟು ಮಾಡಿ ಕೊಂಡವಾಡದ ದಾರಿ ಹಿಡಿದ. ತಪ್ಪಿಸಿಕೊಂಡು ಮೇಯ್ದ ದನಕರುಗಳನ್ನು ಕೂಡಿಹಾಕುವ ಜಾಗ ಅದು. ತಾತ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಅವನ ಹಿಂದೆ ನಡೆದರು. ಅವರ ಬಾಗಿದ ಬೆನ್ನು ನೋಡುತ್ತಾ ನಾನೂ ಹಿಂದೆ ನಡೆದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹುಣಸೆಮರದ ತಿರುವಿನ ಹತ್ತಿರ ಅಪ್ಪನ ಅಂಗಿ ಹಿಡಿದು ಜಗ್ಗಿದೆ. "ಅಪ್ಪಾ, ಕಲ್ಲು ನಾನ ತಗದೆ. ಕೂಸಿಗೆ ಹಾಲು ಸಾಲವಲ್ದು ಅಂತ," ಎಂದೆ.

ಅಪ್ಪ ನನಗೆ ಹೊಡೆಯಲಿಲ್ಲ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, "ತಪ್ಪಾತ್ರಿ ತಾತಾ. ನಿಮ್ಮ ಆಡು ನೀವು ಹೊಡಕೊಂಡು ಹೋಗ್ರಿ," ಎಂದ. ಮನೆಗೆ ಬಂದು ನಮ್ಮ ಎರಡು ಆಡುಗಳ ಹಗ್ಗ ಬಿಚ್ಚಿದ. ಅಕ್ಕ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು, "ಇವತ್ತೊಂದು ದಿನ ಬಿಡಪ್ಪಾ," ಎಂದು ಬೇಡಿಕೊಂಡಳು. "ನಾಳೆ ಯಾವ ಮಾರಿ ಇಟ್ಕೊಂಡು ಮಂದಿ ಆಡು ತಡೀಲವ್ವಾ?" ಎಂದವನೇ ಅವನ್ನು ಕೊಂಡವಾಡಕ್ಕೆ ಹೊಡೆದುಕೊಂಡು ಹೋದ.

ಸಂಜೆ ಕೂಸು ಅತ್ತೂ ಅತ್ತೂ ಸೋತಿತು. ಆಗ ತಾತ ಬಾಗಿಲಿಗೆ ಬಂದರು. ಕೈಯಲ್ಲಿ ಆಗ ತಾನೇ ಕರೆದ ಹಾಲಿನ ತಂಬಿಗೆ, ಮೇಲೆ ಇನ್ನೂ ನೊರೆ. "ಪಾಪನಿಗೆ ಕುಡಿಸಮ್ಮಾ," ಎಂದು ಅಕ್ಕನ ಮುಂದಿಟ್ಟರು. ಅಪ್ಪ ಎದ್ದು ನಿಂತ.

ಮರುದಿನ ಅಪ್ಪ ದಂಡ ಕಟ್ಟಿ ನಮ್ಮ ಆಡುಗಳನ್ನು ಬಿಡಿಸಿಕೊಂಡು ಬಂದ. ಆಮೇಲೆ ತಾತನನ್ನು ಕರೆದುಕೊಂಡು ಅರಣ್ಯದ ಸಾಹೇಬರ ಬಳಿಗೆ ಹೋದ. ಆಡು ಒಳಗೆ ಬರುವುದು ಬೇಡ, ಆದರೆ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಹೊರೆ ಹೊತ್ತೊಯ್ಯಲು ಬಿಡಿ ಎಂದು ಇಬ್ಬರೂ ಕೇಳಿದರು. ಸಾಹೇಬರು ಮೊದಲು ಒಪ್ಪಲಿಲ್ಲ. ಅಪ್ಪ ಮೂರು ಸಲ ಹೋದ ಮೇಲೆ ಒಪ್ಪಿದರು. ಆ ಬೇಸಿಗೆಯೆಲ್ಲ ನಾನು ಸಸಿಗಳ ನಡುವೆ ಕೂತು ಹುಲ್ಲು ಕೊಯ್ದೆ, ನಮ್ಮ ಆಡುಗಳಿಗೂ ತಾತನ ಆಡುಗಳಿಗೂ. ಆದರೆ ಇಪ್ಪತ್ತು ಬಾಯಿಗೆ ಹೊರೆಯ ಹುಲ್ಲು ಎಷ್ಟು ದಿನ ಸಾಕಾದೀತು? ಮಳೆಗಾಲದ ಮೊದಲೇ ತಾತ ಆಡುಗಳನ್ನು ಹೊಡೆದುಕೊಂಡು ದೂರದ ಮಗಳ ಊರಿಗೆ ಹೊರಟುಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಈಗ ಆ ಗುಡ್ಡ ನೀವು ಭಾನುವಾರ ನನ್ನ ಕೈ ಹಿಡಿದು ನಡೆಯುವ ಪಾರ್ಕು. ಬಾಗಿಲಲ್ಲಿ ಟಿಕೆಟ್ ಇದೆ, ಕುಳಿತುಕೊಳ್ಳಲು ಬೆಂಚುಗಳಿವೆ, ನವಿಲುಗಳು ನಿಮಗೆ ಹೆದರುವುದೂ ಇಲ್ಲ. ನಾವು ಬಿಸಿಲಿನಲ್ಲಿ ಓಡಿದ ಕಡೆ ನೀವು ನೆರಳಿನಲ್ಲಿ ಓಡುತ್ತೀರಿ. ಸುತ್ತಲಿದ್ದ ಉಳಿದ ಗುಡ್ಡಗಳನ್ನು ಸಿಡಿಮದ್ದಿಟ್ಟು ಒಡೆದು ಮಟ್ಟ ಮಾಡಿದರು. ಅಂಥದ್ದೊಂದು ಗುಡ್ಡ ಇದ್ದ ಜಾಗದಲ್ಲೇ ನಮ್ಮ ಅಪಾರ್ಟ್‌ಮೆಂಟ್ ನಿಂತಿದೆ. ಇದೊಂದು ಉಳಿದದ್ದು ಅಪ್ಪನಂಥವರು ಕಾದದ್ದರಿಂದ. ಅದಕ್ಕಾಗಿ ಊರು ಬಿಟ್ಟ ತಾತನ ವಿಷಯ ಅಲ್ಲಿಯ ಯಾವ ಬೋರ್ಡಿನಲ್ಲೂ ಬರೆದಿಲ್ಲ, ಮಕ್ಕಳೇ. ಅದಕ್ಕೇ ನಿಮಗೆ ನಾನು ಹೇಳಿದೆ.