ನಾವು ತಿಂದ ಗಿಣ್ಣ

ಶುಕ್ರವಾರ ಬೆಳಗ್ಗೆ ಅಂಗಳ ಗುಡಿಸಲು ಬಾಗಿಲು ತೆಗೆದರೆ ಎದುರಿಗೆ ಒಂದು ಎಮ್ಮೆ ನಿಂತಿತ್ತು. ಕೊರಳಲ್ಲಿ ಹರಿದ ಹಗ್ಗ. ಕೆಚ್ಚಲು ಬಿಗಿದು ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿತ್ತು.

ನಮ್ಮದು ಘೋಣಸಗಿ. ನನ್ನ ಕೆಲಸ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. "ಶುಕ್ರವಾರ ದಿನಾ ಲಕ್ಷ್ಮಿ ತಾನಾಗೇ ಬಾಗಲಿಗೆ ಬಂದಾಳ. ಕಾಲಿಗೆ ನೀರ ಹಾಕ್ಬೇ."

ಹಾಕಿದೆ. ಆರತಿಯನ್ನೂ ಎತ್ತಿದೆ.

ಹಿಂಡಿದರೆ ಹಾಲು ಹಳದಿಯಾಗಿ, ಮಂದವಾಗಿ ಬಂತು. ಗಿಣ್ಣದ ಹಾಲು. ಅಂದರೆ ಎಮ್ಮೆ ಈದು ಒಂದೆರಡು ದಿನ ಆಗಿರಬೇಕು ಅಷ್ಟೆ, ಕರು ಎಲ್ಲೋ ಇದೆ. ನಮ್ಮ ಮನೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪೊಲೀಸರಿಗೆ ತಿಳಿಸೋಣ ಅಂದೆ. "ಹುಡಿಕ್ಯಾಡ್ಕೋತ ಎಮ್ಮೀ ಮಾಲಕರೇ ಬರ್ತಾರ ಬಿಡು. ನಾವೇನು ಕದ್ದೇವೇನು?" ಅಂದ ನನ್ನ ಗಂಡ.

ಕದ್ದಿರಲಿಲ್ಲ, ನಿಜ. ಆದರೆ ಸಿಕ್ಕಿದ್ದು ಸಿಕ್ಕವರದಾಗುವುದಿಲ್ಲ. ಒಡೆಯರನ್ನು ಹುಡುಕಬೇಕು, ಠಾಣೆಗೋ ಪಂಚಾಯಿತಿಗೋ ಹೇಳಬೇಕು, ಅಲ್ಲಿಯವರೆಗೆ ಜೋಪಾನ ಮಾಡಬೇಕು. ಹುಡುಕದೆ ನಮ್ಮದೇ ಎಂಬಂತೆ ಬಳಸಿಕೊಂಡರೆ ಅದು ಅಪರಾಧ. ಇಂಥ ದೂರುಗಳನ್ನು ನಾನೇ ಟೈಪ್ ಮಾಡಿದ್ದೇನೆ...

ಅಷ್ಟು ಗೊತ್ತಿದ್ದೂ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿದೆ. ಓಣಿಯ ನಾಲ್ಕು ಮನೆಗೂ ಬಟ್ಟಲು ಹೋಯಿತು. ಮೊದಲು ರುಚಿ ನೋಡಿದವಳು ನಾನೇ.

ನಮ್ಮೂರಿಗೆ ಠಾಣೆ ತಿಕೋಟಾದಲ್ಲಿ, ನನ್ನ ಬಸ್ಸು ಆ ಊರಿನ ಮೇಲೆಯೇ ಹೋಗುತ್ತದೆ. ಶುಕ್ರವಾರ ಎರಡು ಸಲ, ಶನಿವಾರ ಎರಡು ಸಲ. ಇಳಿದು ಠಾಣೆಗೆ ಹೋಗಿ ಎರಡು ಮಾತು ಹೇಳಿದ್ದರೆ ಸಾಕಿತ್ತು.

ಒಮ್ಮೆ ಕಿಟಕಿ ಸೀಟು ಸಿಕ್ಕಿದೆ ಅಂತ ಇಳಿಯಲಿಲ್ಲ. ಒಮ್ಮೆ ತಡವಾಯಿತು ಅಂತ. ಸುಳ್ಳೇಕೆ ಹೇಳಲಿ, ಎಮ್ಮೆ ನಮಗೇ ಉಳಿದರೆ ಉಳಿಯಲಿ ಅನ್ನುವ ಆಸೆಯೂ ಇತ್ತು.

ಭಾನುವಾರ ಮಧ್ಯಾಹ್ನ ಮನೆ ಮುಂದೆ ಸಾಮಾನು ಸಾಗಿಸುವ ಒಂದು ಟಂಟಂ ಗಾಡಿ ನಿಂತಿತು. ಗಂಡ ಹೆಂಡತಿ ಇಳಿದರು, ಇಬ್ಬರಿಗೂ ಐವತ್ತರ ಮೇಲಿರಬೇಕು. ಬಬಲೇಶ್ವರ ಕಡೆ ತೋಟದಲ್ಲೇ ಮನೆ ಮಾಡಿಕೊಂಡ ವಸ್ತಿಯವರು ಅಂದರು.

ಬಂದವರಿಗೆ ಮೊದಲು ನೀರು, ಬಾಯಿಗೊಂದಿಷ್ಟು ಸಿಹಿ. ಏನು ಕೆಲಸ ಅಂತ ಕೇಳುವುದು ಆಮೇಲೆ. ಅದು ನಮ್ಮ ಅತ್ತೆಯ ರೂಢಿ. ಒಳಗಿದ್ದವರು ಫ್ರಿಜ್ಜಿನಿಂದ ಎರಡು ತಟ್ಟೆ ಗಿಣ್ಣ ತಂದು ಅವರ ಮುಂದಿಟ್ಟರು.

ಆಕೆ ತಟ್ಟೆ ನೋಡಿದರು. ಆಮೇಲೆ ಅಂಗಳದ ಕಡೆ ನೋಡಿದರು.

"ಇದು ನಮ್ಮ ಎಮ್ಮೀದೇನ್ರಿ?"



"ಕರಾ ಇವತ್ತ ನಸುಕಿನ್ಯಾಗ ಹೋತ್ರಿ. ಪ್ಯಾಕೆಟ್ ಹಾಲ ಬಾಟಲಿಲೆ ಕುಡಿಸಿದ್ವಿ, ದಕ್ಕಲಿಲ್ಲ. ಉಚ್ಚಿಕೊಂಡು ಉಚ್ಚಿಕೊಂಡು ಸತ್ತು ಹೋತು." ಅಳಲಿಲ್ಲ, ಬೈಯಲಿಲ್ಲ. ತಟ್ಟೆಯನ್ನು ಮೆಲ್ಲಗೆ ಅತ್ತ ಸರಿಸಿದರು.

ಅವರ ಗಂಡ ಉಳಿದದ್ದು ಹೇಳಿದರು. ಎಮ್ಮೆಯನ್ನು ಎರಡು ತಿಂಗಳ ಹಿಂದೆ ನಮ್ಮ ಕಡೆಯ ಊರಿಂದಲೇ ಕೊಂಡದ್ದಂತೆ. ಗುರುವಾರ ಮದುವೆ ಮೆರವಣಿಗೆಯ ಪಟಾಕಿಗೆ ಬೆದರಿ, ಹಗ್ಗ ಹರಿದುಕೊಂಡು ಹಳೆಯ ಊರಿನ ದಾರಿ ಹಿಡಿದಿದೆ.

ನಾವು ಗಿಣ್ಣ ಕೊಟ್ಟಿದ್ದ ಒಂದು ಮನೆಯವರ ಮಗಳನ್ನು ಈ ಬಂದವರ ಪಕ್ಕದ ವಸ್ತಿಗೇ ಕೊಟ್ಟಿದ್ದಾರೆ. ಈದ ಎಮ್ಮೆಯೇ ಇಲ್ಲದ ಮನೆಯಿಂದ ಗಿಣ್ಣ ಬಂತು ಅನ್ನುವ ಸುದ್ದಿ ಫೋನಿನಲ್ಲಿ ಹೋಗಿದೆ. ಆದರೆ ಶನಿವಾರ ರಾತ್ರಿ ಹೋಗಿದೆ.

ಎಮ್ಮೆಯ ಒಡೆಯರು ಶುಕ್ರವಾರ ಬೆಳಗ್ಗೆಯೇ ತಿಕೋಟಾ ಠಾಣೆಗೆ ಬಂದು ಹೇಳಿ, ನಂಬರ್ ಕೊಟ್ಟು ಹೋಗಿದ್ದರು. ನಾನು ಇಳಿಯದೆ ದಾಟಿಹೋದ ಅದೇ ತಿಕೋಟಾ.

ಎಮ್ಮೆಯನ್ನು ಹತ್ತಿಸಿದ ಮೇಲೆ ಆ ಮನುಷ್ಯ ತಿರುಗಿ ಬಂದು ಕೇಳಿದರು, "ಎರಡ ದಿನಾ ಮೇಯಿಸೀರಿ. ಮೇವಿಂದ ಏನ್ ಕೊಡೂಣ್ರೀ?"

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇವತ್ತು ಆಫೀಸಿನಲ್ಲಿ ವಕೀಲರಿಗೆ ಎಲ್ಲ ಹೇಳಿದೆ. ಅವರು ನಿಮ್ಮ ಮೇಲೆ ದೂರು ಕೊಟ್ಟಿಲ್ಲವಲ್ಲ, ಪುಣ್ಯ ಮಾಡಿದ್ದೀಯ ಅಂದರು.

ಅವರು ದೂರು ಕೊಟ್ಟಿದ್ದರೇ ಚೆನ್ನಾಗಿತ್ತು ಅಂತ ನನಗೇಕೆ ಅನ್ನಿಸುತ್ತಿದೆ, ಯಾರಾದರೂ ಹೇಳುತ್ತೀರಾ?