ಕುಟ್ಟಾಣಿಯೂ ನನ್ನ ಸಂಶೋಧನೆಯೂ

ನಾನು ಡೆಲಿವರಿ ಕೆಲಸದವಳು ಎಂದು ನೆಂಟರ ಮುಂದೆ ಹೇಳಿ ಕೆಟ್ಟೆ. ಔಷಧಿಯನ್ನು ಮೈಯೊಳಗೆ ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ ಮುಟ್ಟಿಸುವ ವಿದ್ಯೆಗೆ ಡ್ರಗ್ ಡೆಲಿವರಿ ಎನ್ನುತ್ತಾರೆ. ವಿಜಯಪುರದ ಫಾರ್ಮಸಿ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ, ಅದರಲ್ಲೇ ಸಂಶೋಧನೆ ಮಾಡುತ್ತೇನೆ. ಇಂಡಿ ಊರಿನ ಮದುವೆಮನೆಯೊಂದರಲ್ಲಿ ಇದನ್ನು ಕೇಳಿದ ಅಜ್ಜಿಯೊಬ್ಬರು ತುಂಬು ಬಸುರಿ ಸೊಸೆಯನ್ನು ತಂದು ನನ್ನೆದುರು ಕೂರಿಸಿ, "ನಾರ್ಮಲ್ ಆಗತೈತೋ, ಸಿಜೇರಿನ್ನೋ, ನೋಡಿ ಹೇಳವ್ವಾ" ಎಂದರು. ಇಡೀ ಪಂಕ್ತಿ ಊಟ ಬಿಟ್ಟು ನನ್ನ ಬಾಯಿ ನೋಡುತ್ತಿತ್ತು.

ನನ್ನ ಕೆಲಸ ಮಿದುಳಿನ ಕಾಯಿಲೆಗಳದು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಯಿದೆ. "ಸಾಹೇಬ್ರು ಇಲ್ಲ, ನಾಳಿ ಬರ್ರಿ" ಎನ್ನುವ ಕಚೇರಿಯ ಜವಾನನಂತೆ ಅದು ಬಹಳಷ್ಟು ಔಷಧಿಗಳನ್ನು ಹೊರಗೇ ನಿಲ್ಲಿಸುತ್ತದೆ. ಅದರ ಕಣ್ಣು ತಪ್ಪಿಸುವ ಉಪಾಯ ಹುಡುಕುತ್ತಲೇ ನನ್ನ ಕೂದಲು ಬೆಳ್ಳಗಾಯಿತು. "ನಿಮ್ಮ ಸಂಶೋಧನೆಯ ಪರಿಣಾಮವೇನು?" ಎಂದು ಕಾಲೇಜಿನವರು ವರ್ಷವರ್ಷವೂ ಕೇಳುತ್ತಾರೆ. ಯಾರು ಯಾರು ನನ್ನ ಲೇಖನಗಳನ್ನು ಉಲ್ಲೇಖಿಸಿದ್ದಾರೆಂದು ಹೇಳಿದರೆ ಅವರಿಗೆ ಸಮಾಧಾನ. ನಮ್ಮ ಮನೆಗಳಲ್ಲಿ ಪರಿಣಾಮ ಎಂಬ ಮಾತೇ ಇಲ್ಲ. "ಗುಳಗಿ ಗುಣಾ ಬಂತೇನು?" ಅಷ್ಟೇ ಪ್ರಶ್ನೆ.

ಸಿಂದಗಿಯಲ್ಲಿರುವ ನನ್ನ ಕಾಕಾನಿಗೆ ಕಂಪವಾತ, ಕೈ ನಡುಗಿಸುವ ಮಿದುಳಿನ ಕಾಯಿಲೆ. ಸಂಜೆ ಗೆಳೆಯರ ಜೊತೆ ಹೋಟೆಲಿನಲ್ಲಿ ಕೂತು, ಕಪ್ಪಿನ ಚಹಾವನ್ನು ಬಶಿಗೆ ಸುರಿದುಕೊಂಡು ಸುರ್ರೆಂದು ಕುಡಿಯುವುದು ಅವರ ಜೀವ. ಒಂದು ದಿನ ಬಶಿ ನಡುಗಿ ಚಹಾ ಪೂರಾ ಧೋತರದ ಮೇಲೆ ಚೆಲ್ಲಿತು. ಯಾರೋ ನಕ್ಕರಂತೆ. ಅಂದಿನಿಂದ ಕಾಕಾ ಹೊಸ್ತಿಲು ದಾಟಲಿಲ್ಲ. ಲೋಟದಲ್ಲಿ ಕುಡಿಯಿರಿ ಎಂದರೆ, "ಬಶಿ ಇಲ್ಲದ್ದು ಚಹಾ ಅಲ್ಲವಾ, ಅದು ಕಷಾಯ" ಎಂದು ಮುಖ ತಿರುಗಿಸಿದರು.

ಡಾಕ್ಟರು ನಿಧಾನವಾಗಿ ಕರಗುವ ಗುಳಿಗೆ ಬರೆದುಕೊಟ್ಟರು. ಮಧ್ಯಾಹ್ನ ನುಂಗಿದರೆ ಹೊಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುತ್ತ ಸಂಜೆಯವರೆಗೆ ಕೈಯನ್ನು ಹಿಡಿತದಲ್ಲಿಡಬೇಕು. ಆದರೆ ಕಾಕಾನ ಕೈ ಊಟವಾದ ಮೇಲೆ ಕುಣಿಯುತ್ತಿತ್ತು, ಚಹಾದ ಹೊತ್ತಿಗೆ ಮರಗಟ್ಟುತ್ತಿತ್ತು. "ಗುಳಗಿ ಡುಪ್ಲಿಕೇಟ್ ಅದಾವ" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ತೀರ್ಪು ಕೊಟ್ಟರು. ಗುಳಿಗೆಯನ್ನು ಪರೀಕ್ಷಿಸಲು ಸಿಂದಗಿಗೆ ಹೋದೆ. ಅಡುಗೆಮನೆಯಿಂದ ಟಣ್ ಟಣ್ ಸದ್ದು. ಕಾಕು ತಮ್ಮ ತವರು ಬಸವನ ಬಾಗೇವಾಡಿಯಿಂದ ಬಂದ ಹಿತ್ತಾಳೆಯ ಅಡಿಕೆ ಕುಟ್ಟಾಣಿಯಲ್ಲಿ ಆ ಗುಳಿಗೆಯನ್ನು ಹಿಟ್ಟು ಮಾಡುತ್ತಿದ್ದರು!

ನನ್ನ ವಿದ್ಯೆಯೆಲ್ಲ ಆ ಕುಟ್ಟಾಣಿಯ ತಳದಲ್ಲಿ ಬೆಲ್ಲದೊಡನೆ ಕಲೆತು ಬಿದ್ದಿತ್ತು.

"ಕಾಕು, ಕುಟ್ಟಬಾರದ್ರಿ ಅದನ್ನ! ಒಮ್ಮೆಲೆ ಎಲ್ಲಾ ಔಷಧ ಮೈಯಾಗ ಇಳೀತೈತಿ, ಸಂಜೀಗೆ ಏನೂ ಉಳಿಯೂದಿಲ್ಲ."

"ಇಳೀಲಿ ಬಿಡು. ಲಗೂ ಗುಣಾ ಬರತೈತಿ. ಇಡೀದು ನುಂಗಿ ಗಂಟಲದಾಗ ಸಿಕ್ಕರ ಏನ್ ಮಾಡೂದು?"

"ನಾ ನುಂಗತೇನಿ ಅಂತ ಹೇಳೇ ಹೇಳಾಕತ್ತೇನಿ, ಕೇಳವರು ಯಾರು?" ಎಂದು ಹೊರಗಿನಿಂದ ಕಾಕಾ. ಅವರ ಗಂಟಲು ನೆಟ್ಟಗಿದೆ ಎಂದು ಡಾಕ್ಟರೂ ಹೇಳಿದ್ದರು.

ಆಲಮಟ್ಟಿಯ ಕೆನಾಲಿನ ನೀರನ್ನೆಲ್ಲ ಒಂದೇ ದಿನ ಹೊಲಕ್ಕೆ ಬಿಟ್ಟರೆ ಬೆಳೆ ಏನಾದೀತು ಎಂದು ಕೇಳಿದೆ. ಕಾಕು ಗಂಭೀರವಾಗಿ ಯೋಚಿಸಿದರು. ಗೆದ್ದೆ ಅಂದುಕೊಂಡೆ.

"ಹಂಗಾರ ಅರ್ಧಾ ಕುಟ್ಟತೇನಿ, ಅರ್ಧಾ ನುಂಗಲಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಿದುಳಿನ ತಡೆಯನ್ನಾದರೂ ದಾಟಬಹುದು, ಕಾಕುವನ್ನು ದಾಟುವುದು ನನ್ನಿಂದಾಗದು. ಕುಟ್ಟಾಣಿಯನ್ನು ಅವರೆದುರೇ ಎತ್ತಿ ಚೀಲಕ್ಕೆ ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿಬಿಟ್ಟೆ. ಬೈಗುಳ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂತು.

ಕೆಲವು ವಾರಗಳ ಮೇಲೆ ಕಾಕು ಫೋನ್ ಮಾಡಿದರು. "ನಿಮ್ಮ ಕಾಕಾ ಇವತ್ತ ಹೋಟೆಲಿಗೆ ಹೋಗಿ ಬಂದ್ರು. ಬಂದ ಕೂಡ್ಲೇ ಧೋತರ ನೋಡಿದೆ. ಚಹಾದ್ದು ಒಂದು ಕಲಿ ಇಲ್ಲವಾ."

"ಗುಣಾ ಬಂತಲ್ರಿ ಕಾಕು?" ಎಂದೆ.

"ಬರದ ಏನ್ ಮಾಡತೈತಿ? ನನ್ನ ಕೈಲೆ ಇಡೀದು ಕೊಡತೇನಿ. ಅದಿರಲಿ, ಕುಟ್ಟಾಣಿ ಯಾವಾಗ ತರ್ತಿ?"

ಈ ವರ್ಷವೂ ಕಾಲೇಜಿನವರು ಪರಿಣಾಮ ಕೇಳಿದರು. ಲೇಖನಗಳ ಮಾತು ಹೇಳಿ ಮುಗಿಸಿದೆ. ಕಲೆಯಿಲ್ಲದ ಧೋತರದ ಸುದ್ದಿಯನ್ನು ಯಾವ ಬಾಯಿಂದ ಹೇಳುವುದು? ಕುಟ್ಟಾಣಿ ನನ್ನ ಮೇಜಿನ ಮೇಲೇ ಇದೆ. ಕಾಕುವಿನ ಮೇಲೆ ಅಷ್ಟು ನಂಬಿಕೆ ನನಗಿನ್ನೂ ಬಂದಿಲ್ಲ.